ವಾರಗಿತ್ತಿಯ ಆಪತ್ತಿನ ದುಡ್ಡು

ನಗು ಗೋಡೆಯ ಮೇಲಿಂದ ಬರುತ್ತಿತ್ತು. ಅಟ್ಟೂರಿನ ಆ ಹಳೆಯ ಹೆಂಚಿನ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ನಡುವೆ ಎತ್ತಿದ ಮಣ್ಣುಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಹೆಂಚಿಗೂ ಗೋಡೆಗೂ ಮಧ್ಯೆ ಒಂದು ಆಳು ನುಸುಳುವಷ್ಟು ಸಂದು ಉಳಿದಿತ್ತು. ಆಮೇಲೆ ಮುಚ್ಚಿದರಾಯಿತು ಅಂದುಕೊಂಡು ಹದಿನಾಲ್ಕು ವರ್ಷವಾಗಿತ್ತು. ಆ ಸಂದಿನಲ್ಲಿ ಆಚೆ ಮನೆಯ ಒಗ್ಗರಣೆಯ ಘಮ, ಮಕ್ಕಳ ಮಗ್ಗಿ, ಹೊಸ ರೇಡಿಯೋದ ಹಾಡು ಎಲ್ಲವೂ ಈಚೆಗೆ ಬರುತ್ತಿದ್ದವು. ಅವನ್ನೆಲ್ಲ ಬೈರಮ್ಮ ಸಹಿಸಿಕೊಂಡಿದ್ದಳು. ನಗುವನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಆಚೆ ಮನೆಯವಳು ಮುನಿಶಾಮಮ್ಮ, ಬೈರಮ್ಮನ ವಾರಗಿತ್ತಿ. ಮೈದುನ ನರಸಯ್ಯ ಹೆಬ್ಬಾಳದ ಫಾರಂನಲ್ಲಿ ಮಾಲಿ. ಸಂಜೆ ಯಲಹಂಕದಲ್ಲಿ ಬಸ್ಸಿಳಿದವನು ಒಂದು ಮೊಳ ಮಲ್ಲಿಗೆ ಹಿಡಿದೇ ಮನೆಗೆ ಬರುತ್ತಿದ್ದ. ಅವಳು ಏರ್‌ಫೋರ್ಸ್ ಕ್ವಾರ್ಟರ್ಸಿಗೆ ಹಾಲು, ಮೊಸರು ಹಾಕಿ ಬಂದು, ಅಲ್ಲಿನ ಹೆಂಗಸರು ಹಿಂದಿಯಲ್ಲಿ ಚೌಕಾಶಿ ಮಾಡುವುದನ್ನು ಅಣಕಿಸುತ್ತಿದ್ದಳು. ಅವನು ನಗುತ್ತಿದ್ದ, ಅವಳೂ ನಗುತ್ತಿದ್ದಳು. ಈಚೆ ಬೈರಮ್ಮನ ಗಂಡ ಆವಲಪ್ಪ ಹೊಲದಿಂದ ಬಂದು, ಕಾಲು ತೊಳೆದು, ಮುದ್ದೆ ನುಂಗಿ, ಗೋಡೆಗೆ ಒರಗಿ ಬೀಡಿ ಹಚ್ಚುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಜಗಳ ತೆಗೆಯುವ ಗಂಡನಾದರೂ ಇದ್ದಿದ್ದರೆ ಮನೆಯಲ್ಲಿ ನಾಲ್ಕು ಮಾತು ಕೇಳಿಸುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಒಬ್ಬಳೇ ಮಗಳು ಮದುವೆಯಾಗಿ ಹೋದಮೇಲಂತೂ ಆ ಮನೆಯಲ್ಲಿ ಹಸುವೇ ಹೆಚ್ಚು ಮಾತಾಡುತ್ತಿತ್ತು.

ತನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದ್ದರೆ ಬೈರಮ್ಮ ಅವರ ನೀರಿಳಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ಇದು ನ್ಯಾಯದ ಮಾತು. ಒಂದೇ ಮನೆಯ ಅರ್ಧರ್ಧ, ಒಂದೇ ಹೊಲದ ಅರ್ಧರ್ಧ ಹಂಚಿಕೊಂಡಮೇಲೆ ಸಂತೋಷ ಮಾತ್ರ ಹೇಗೆ ಪೂರ್ತಿ ಆಚೆ ಪಾಲಿಗೆ ಹೋಯಿತು? ಬೀದಿಯ ಕೊನೆಯ ಮನೆಯ ಮಾರಮ್ಮ ಸಿಕ್ಕಾಗಲೆಲ್ಲ, "ನಿನ್ ವಾರಗಿತ್ತಿ ಬಲೇ ಚುರುಕು ಕಣ್ ಬೈರಮ್ಮ" ಎನ್ನುತ್ತಿದ್ದಳು. "ಊಂ, ನಮ್ಮುಡ್ಗೀನೇ ಅಲ್ವಾ" ಎಂದು ಬೈರಮ್ಮ ಹಲ್ಲು ಕಿರಿಯುತ್ತಿದ್ದಳು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಮುನಿಶಾಮಮ್ಮನ ಗುಟ್ಟು ಅವಳ ಕಣ್ಣಿಗೆ ಬಿದ್ದದ್ದು ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ. ಹುಣಸೆಹಣ್ಣು ತೆಗೆಯಲು ಅಟ್ಟ ಹತ್ತಿದ್ದಳು. ಆಚೆ ಮನೆಯ ಅಡುಗೆಕೋಣೆಯಲ್ಲಿ ಕಬ್ಬಿಣ ಮಣ್ಣಿಗೆ ತಾಗುವ ಸದ್ದಾಯಿತು. ಸಂದಿನಲ್ಲಿ ಬಗ್ಗಿ ನೋಡಿದಳು. ಮುನಿಶಾಮಮ್ಮ ಒಲೆಯ ಪಕ್ಕದ ನೆಲ ಅಗೆದು ಒಂದು ಡಾಲ್ಡಾ ಡಬ್ಬ ಹೊರತೆಗೆದಳು. ಸೆರಗಿನ ಗಂಟು ಬಿಚ್ಚಿ, ಸುರುಳಿ ಸುತ್ತಿದ ನೋಟುಗಳನ್ನು ಅದರೊಳಗೆ ಇಟ್ಟು, ಮುಚ್ಚಳದ ಸುತ್ತ ಮೇಣ ಮೆತ್ತಿ ಮತ್ತೆ ಹೂತಳು. ಮೇಲೆ ಮಣ್ಣು ಬಡಿದು ಸಗಣಿ ಸಾರಿಸಿದಳು. ಎಲ್ಲ ಮುಗಿದಾಗ ಅಲ್ಲೊಂದು ಗುಂಡಿ ಇತ್ತೆಂದು ದೇವರಿಗೂ ಗೊತ್ತಾಗುವಂತಿರಲಿಲ್ಲ.

ಜಾಗದ ಆಯ್ಕೆಯನ್ನು ಬೈರಮ್ಮ ಒಳಗೊಳಗೇ ಮೆಚ್ಚಿಕೊಂಡಳು. ಟ್ರಂಕಿನಲ್ಲಿಟ್ಟರೆ ಗಂಡನ ಕೈಗೆ ಸಿಗುತ್ತದೆ, ರಾಗಿಯಲ್ಲಿಟ್ಟರೆ ಇಲಿ ಕಡಿಯುತ್ತದೆ, ಸೂರಿನಲ್ಲಿ ಸಿಕ್ಕಿಸಿದರೆ ಮಳೆಗೆ ನೆನೆಯುತ್ತದೆ. ಒಲೆಯ ಪಕ್ಕದ ನೆಲ ವರ್ಷವಿಡೀ ಬೆಚ್ಚಗೆ ಒಣಗಿರುತ್ತದೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಯಾತಕ್ಕೆ ಕೂಡಿಡುತ್ತಿದ್ದಾಳೆ ಎಂಬುದೂ ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಮುನಿಶಾಮಮ್ಮನ ಅಪ್ಪನಿಗೆ ರಾಜಾನುಕುಂಟೆಯಲ್ಲಿ ಎದೆನೋವು ಬಂದಾಗ, ಆಸ್ಪತ್ರೆಗೆ ಕಾರು ಮಾಡಲು ದುಡ್ಡಿಗಾಗಿ ನಾಲ್ಕು ಮನೆ ಅಲೆದು ಬರುವಷ್ಟರಲ್ಲಿ ಮುದುಕನ ಉಸಿರು ನಿಂತಿತ್ತು. ಹೆಣದ ಮುಂದೆ ಕುಳಿತು ಅವಳು ಬೈರಮ್ಮನ ಕೈ ಹಿಡಿದು, "ಇನ್ನೊಂದ್ ದಪ ನನ್ ಮನೇಲಿ ಇಂಗಾಗ್ಬಾರ್ದು ಕಣಕ್ಕಾ" ಎಂದು ಅತ್ತಿದ್ದಳು. ಗಂಡನಿಗೆ ಹೇಳುವಂತಿರಲಿಲ್ಲ. ಕೇಳಿದವರಿಗೆ ಇಲ್ಲವೆನ್ನದ ಆಸಾಮಿ ನರಸಯ್ಯ. ಮನೆಯಲ್ಲಿ ದುಡ್ಡಿದೆಯೆಂದು ತಿಳಿದರೆ ಅದು ವಾರದೊಳಗೆ ಯಾರದೋ ಮಗಳ ಮದುವೆಗೆ ಹೋಗಿರುತ್ತಿತ್ತು. ಅಂತೂ ಆ ಡಬ್ಬದ ವಿಷಯ ಮುನಿಶಾಮಮ್ಮನನ್ನು, ಈಗ ತನ್ನನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಮಾತೇ ಬೈರಮ್ಮನ ತಲೆಯಲ್ಲಿ ಕುಳಿತುಬಿಟ್ಟಿತು. ಯಾರಿಗೂ ಗೊತ್ತಿಲ್ಲದ ದುಡ್ಡು ಹೋದರೆ ಹೋಯಿತೆಂದು ಯಾರು ಕೂಗುತ್ತಾರೆ? ಪೊಲೀಸರಿಗೆ ಹೇಳಿದರೆ ಗಂಡನಿಗೆ ತಿಳಿಯುತ್ತದೆ. ಗಂಡನಿಗೆ ಹೇಳಿದರೆ, ಇಷ್ಟು ದಿನ ನನ್ನಿಂದ ಯಾಕೆ ಬಚ್ಚಿಟ್ಟೆ ಎಂಬ ಪ್ರಶ್ನೆ ಏಳುತ್ತದೆ. ಹೇಳದೆ ಸುಮ್ಮನಿದ್ದರೆ ಅನುಮಾನ ಅವನ ಮೇಲೆಯೇ ತಿರುಗುತ್ತದೆ, ಏಕೆಂದರೆ ಆ ಮನೆಯೊಳಗೆ ಓಡಾಡುವ ದೊಡ್ಡವರು ಅವರಿಬ್ಬರೇ. ಹೇಗೆ ನೋಡಿದರೂ ಆ ನಗು ನಿಲ್ಲುತ್ತದೆ. ದುಡ್ಡಿನಿಂದ ತಾನೇನು ಮಾಡಬೇಕೆಂದು ಬೈರಮ್ಮ ಯೋಚಿಸಿರಲೇ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಗೋಡೆಯಾಚೆ ಒಂದು ಸಂಜೆಯ ಮೌನ.

ಅವಸರ ಮಾಡಲಿಲ್ಲ. ಗಟ್ಟಿ ನೆಲ ಅಗೆದರೆ ಗುರುತು ಉಳಿಯುತ್ತದೆ. ತೇಪೆ ಹಾಕಿದ ಹಾಗೆ ಅಷ್ಟೇ ಜಾಗ ಸಾರಿಸಿದರೆ ಕುರುಡರಿಗೂ ತಿಳಿಯುತ್ತದೆ. ಮುನಿಶಾಮಮ್ಮ ತಾನೇ ಅಡುಗೆಕೋಣೆ ಸಾರಿಸಿ, ಬಾಗಿಲಿಗೆ ಬೀಗ ಹಾಕಿ ಇಡೀ ದಿನ ಊರಲ್ಲಿಲ್ಲದ ಒಂದು ಶುಕ್ರವಾರ ಬೇಕಾಗಿತ್ತು. ಅದು ತಾನಾಗಿಯೇ ಬಂತು. ರಾಜಾನುಕುಂಟೆಯಲ್ಲಿ ಮುನಿಶಾಮಮ್ಮನ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ, ಎರಡೂ ಮನೆಗೆ ಕರೆ ಬಂದಿತ್ತು.

"ನೀವೂ ಬನ್ನಿ ಅಕ್ಕಾ. ನೀವಿಲ್ದಿದ್ರೆ ನಮ್ಮಮ್ಮ ನನ್ನ ಬಯ್ತಾಳೆ" ಎಂದು ಮುನಿಶಾಮಮ್ಮ ಎರಡು ಸಲ ಬಂದು ಕರೆದಳು.

"ಅಸ ಇವತ್ತೋ ನಾಳೆಯೋ ಈಯೋ ಅಂಗೈತೆ ಕಣಮ್ಮಿ. ಬಿಟ್ಟು ಎಂಗೆ ಬರ್ಲಿ? ನಿಮ್ ಬಾವ ಬರ್ತಾರೆ" ಎಂದಳು ಬೈರಮ್ಮ. ಹಸು ಈಯಲು ಇನ್ನೂ ಹದಿನೈದು ದಿನವಿತ್ತು. ಆವಲಪ್ಪ ಹೆಂಡತಿಯ ಮುಖ ನೋಡಿದನೇ ಹೊರತು ಏನೂ ಅನ್ನಲಿಲ್ಲ. ಮಾತಾಡದ ಗಂಡನಿಂದ ಆದ ಉಪಕಾರ ಅದೊಂದೇ ಎಂದುಕೊಂಡಳು ಬೈರಮ್ಮ.

ಶುಕ್ರವಾರ ಬೆಳಿಗ್ಗೆ ಮುನಿಶಾಮಮ್ಮ ಸಗಣಿ ಕಲಸಿ ಸಾರಿಸುವ ಸರಬರ ಸದ್ದು ಗೋಡೆಯ ಮೇಲಿಂದ ಕೇಳಿಸಿತು. ಒಂಬತ್ತು ಗಂಟೆಗೆ ಬೀಗ ಬಿತ್ತು. ಮುನಿಶಾಮಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದ್ದನ್ನು ಬೈರಮ್ಮ ಜಗಲಿಯಿಂದಲೇ ನೋಡಿದಳು. ಹೊಸ ಲಂಗ ತೊಟ್ಟ ಮಕ್ಕಳು, ಆವಲಪ್ಪ, ನರಸಯ್ಯ, ಮುಡಿತುಂಬ ಮಲ್ಲಿಗೆಯ ಮುನಿಶಾಮಮ್ಮ ಎಲ್ಲರೂ ದೊಡ್ಡಬಳ್ಳಾಪುರದ ರಸ್ತೆಯ ಕಡೆ ಹೊರಟರು. ಬಸ್ಸು ತಪ್ಪಿ ಯಾರಾದರೂ ವಾಪಸು ಬಂದಾರೆಂದು ಮೂರು ಬೀಡಿ ಸೇದುವಷ್ಟು ಹೊತ್ತು ಕಾದಳು. ಆಮೇಲೆ ತನ್ನ ಬಾಗಿಲಿಗೆ ಅಗಳಿ ಹಾಕಿದಳು.

ಸೀರೆ ಎತ್ತಿಕಟ್ಟಿ ಅಟ್ಟ ಹತ್ತಿ, ಸಂದಿನಲ್ಲಿ ನುಸುಳಿ, ಆಚೆ ಅಟ್ಟದ ಏಣಿಯಿಂದ ನಡುಮನೆಗೆ ಇಳಿದಳು. ಒಂದು ಹಗ್ಗದಲ್ಲಿ ಮೊದಲೇ ಗಡಾರಿಯನ್ನೂ ಸಗಣಿಯ ಬಕೆಟ್ಟನ್ನೂ ಇಳಿಸಿಕೊಂಡಿದ್ದಳು. ಮುನಿಶಾಮಮ್ಮ ಸಗಣಿಗೆ ಇದ್ದಿಲ ಪುಡಿ ಬೆರೆಸುವುದರಿಂದ ಅವಳ ನೆಲ ಕರ್ರಗಿರುತ್ತಿತ್ತು. ಬೈರಮ್ಮನೂ ಅದೇ ಹದಕ್ಕೆ ಇದ್ದಿಲು ಅರೆದು ಬೆರೆಸಿದ್ದಳು. ಅಗೆದ ಮಣ್ಣು ಚೆಲ್ಲದ ಹಾಗೆ ಕೆಳಗೊಂದು ಗೋಣಿಚೀಲ ಹಾಸಿದಳು. ಡಬ್ಬ ಸಿಕ್ಕಿತು. ಮೇಣ ಕೆತ್ತಿ ನೋಟಿನ ಸುರುಳಿಯನ್ನು ಎಲೆಯಡಿಕೆ ಚೀಲಕ್ಕೆ ತುರುಕಿದಳು. ಬರಿಯ ಡಬ್ಬಕ್ಕೆ ಮುಚ್ಚಳ ಬಿಗಿದು ಮತ್ತೆ ಮೇಣ ಮೆತ್ತಿ ಮೊದಲಿದ್ದಲ್ಲೇ ಇಟ್ಟಳು. ಡಬ್ಬವೇ ಕಾಣೆಯಾಗಿದ್ದರೆ ಹೊರಗಿನ ಕಳ್ಳನ ನೆನಪಾಗುತ್ತದೆ. ಡಬ್ಬ ಇದ್ದು ದುಡ್ಡು ಇಲ್ಲದಿದ್ದರೆ ಮನೆಯವನ ನೆನಪಾಗುತ್ತದೆ. ಈ ಸೂಕ್ಷ್ಮ ಹೊಳೆದ ದಿನ ಅವಳಿಗೆ ತನ್ನ ಮೇಲೆ ತನಗೇ ಗೌರವ ಬಂದಿತ್ತು.

ಗುಂಡಿ ಮುಚ್ಚಿ, ಮಣ್ಣು ಬಡಿದು, ಗೋಡೆಯಿಂದ ಗೋಡೆಗೆ ಇಡೀ ಅಡುಗೆಕೋಣೆಯನ್ನು ಹೊಸದಾಗಿ ಸಾರಿಸಿದಳು. ಮುನಿಶಾಮಮ್ಮನ ಕೈ ಬೀಸು ಚಿಕ್ಕದು, ಬೆರಳಿನ ಗೆರೆಗಳು ಒತ್ತೊತ್ತಾಗಿ ಬೀಳುತ್ತವೆ. ಬೈರಮ್ಮ ತನ್ನ ದೊಡ್ಡ ಬೀಸನ್ನು ಬಿಟ್ಟು ಹಾಗೆಯೇ ಗೆರೆ ಬರಿಸಿದಳು. ಸಂಜೆ ಅವರು ಬರುವಷ್ಟರಲ್ಲಿ ಒಣಗಿ, ಬೆಳಿಗ್ಗೆ ಅವಳೇ ಸಾರಿಸಿದ ನೆಲವಾಗಿರುತ್ತದೆ. ಮುಂದೆ ಎಂದೋ ಒಂದು ದಿನ ಡಬ್ಬ ತೆಗೆದರೆ, ದುಡ್ಡು ಯಾವ ತಿಂಗಳಲ್ಲಿ ಹೋಯಿತೆಂದು ಯಾರು ಹೇಳಬೇಕು? ಹಿಂದಕ್ಕೆ ಸರಿಯುತ್ತ ಹೊಸಿಲವರೆಗೆ ಬಂದು, ಹುಡುಗಿಯಾಗಿದ್ದಾಗಿನಿಂದ ಮಾಡಿಕೊಂಡು ಬಂದ ಹಾಗೆಯೇ ಕೆಲಸ ಪೂರೈಸಿ ಎದ್ದಳು. ಅವಳ ಮನಸ್ಸು ಆಗಲೇ, ದುಡ್ಡು ಬಚ್ಚಿಡಲು ಗೊತ್ತು ಮಾಡಿದ್ದ, ಬಿಗಿ ಮುಚ್ಚಳದ ತನ್ನ ಮನೆಯ ರಾಗಿ ಗುಡಾಣದಲ್ಲಿತ್ತು.

ಅಟ್ಟ ಹತ್ತಿ ಒಂದೊಂದನ್ನೂ ಎಣಿಸಿಕೊಂಡಳು: ಗಡಾರಿ, ಬಕೆಟ್ಟು, ಹಗ್ಗ, ಗೋಣಿಚೀಲ. ಏಣಿಯ ಮೆಟ್ಟಿಲಿಗೆ ಅಂಟಿದ್ದ ಸಗಣಿಯನ್ನೂ ಒರೆಸಿದ್ದಳು. ಕೊನೆಯ ಸಲ ಬಗ್ಗಿ ನೋಡಿದಾಗ ಅಡುಗೆಕೋಣೆಯ ನೆಲ ಒದ್ದೆಯಾಗಿ ಒಂದೇ ಸಮನೆ ಕಪ್ಪಗೆ ಕಾಣಿಸಿತು.

ಬೇಕಿರಲಿಲ್ಲ, ಆದರೂ ಇರಲಿ ಎಂದು ಸಾಕ್ಷಿಗೂ ಏರ್ಪಾಡು ಮಾಡಿಕೊಂಡಿದ್ದಳು. ಹನ್ನೊಂದು ಗಂಟೆಗೆ ಮಾರಮ್ಮನ ಜೊತೆ ಯಲಹಂಕಕ್ಕೆ ಹೋಗಿ ಸೀಮೆಎಣ್ಣೆ ಡಿಪೋದ ಸಾಲಿನಲ್ಲಿ ನಿಂತಳು. ಸಾಲಿನವರಿಗೆಲ್ಲ ನೆನಪಿರಲೆಂದು ಮುಂದೆ ನುಗ್ಗಿದ ಒಬ್ಬನ ಜೊತೆ ಜೋರಾಗಿ ಜಗಳವಾಡಿದಳು. ಹಿಂದಿರುಗುವಾಗ ಮಾರಮ್ಮ, "ಇವತ್ತು ಬಲೇ ಕುಸಿಯಾಗಿದ್ದೀಯ ಕಣೆ" ಎಂದಳು. "ಸೀಮೆಣ್ಣೆ ಸಿಕ್ತಲ್ಲ" ಎಂದಳು ಬೈರಮ್ಮ.

ಸಂಜೆ ಐದೂವರೆಗೆ ಎಲ್ಲರೂ ಬಂದರು. ಬೈರಮ್ಮ ಜಗಲಿಯ ಮೇಲೆ ಅವರೆಕಾಳು ಸುಲಿಯುತ್ತ ಕೂತಿದ್ದಳು. ಮುನಿಶಾಮಮ್ಮ ಎಲೆಯಲ್ಲಿ ಕಟ್ಟಿ ತಂದ ಕಜ್ಜಾಯದ ಪೊಟ್ಟಣವನ್ನು ಮೊದಲು ಅವಳ ಮಡಿಲಿಗೆ ಹಾಕಿ, "ನಮ್ಮಮ್ಮ ನಿಮ್ಗೇ ಅಂತ ಎತ್ತಿಟ್ಟಿದ್ಲು ಅಕ್ಕಾ" ಎಂದಳು. ಆಮೇಲೆ ಬೀಗ ತೆಗೆದು ಒಳಗೆ ಹೋದಳು. ಬೈರಮ್ಮ ಪೊಟ್ಟಣ ಬಿಚ್ಚಿದಳು. ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡಳು. ಚೆನ್ನಾಗಿತ್ತು, ಅದೂ ಒಂದು ಸಿಟ್ಟು.

"ರೀ, ಒಸಿ ಬನ್ರೀ ಇಲ್ಲಿ" ಎಂದು ಒಳಗಿನಿಂದ ಮುನಿಶಾಮಮ್ಮ ಕೂಗಿದಳು. ದನಿ ಬೇರೆಯಾಗಿತ್ತು. ನರಸಯ್ಯ ಹೋದ. ಆವಲಪ್ಪ ಹೋದ. ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಬೈರಮ್ಮನೂ ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಹೋದಳು. ಏನೇ ಕೇಳಿದರೂ ಹೇಳಲು ಅವಳ ಬಳಿ ಸಿದ್ಧ ಮಾತುಗಳಿದ್ದವು. ಮುನಿಶಾಮಮ್ಮ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಸೊಂಟದ ಬೀಗದ ಕೈಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಬೀಗ ಆಕಿದ್ದು ಆಕ್ದಂಗೇ ಐತೆ. ಒಳಗ್ಯಾರು ಬಂದಿದ್ರು?" ಎಂದು ಗಂಡನನ್ನು ಕೇಳಿ, ಅವನ ಉತ್ತರಕ್ಕೂ ಕಾಯದೆ ಒಲೆಯ ಪಕ್ಕದ ನೆಲದ ಕಡೆ ಹೆದರಿದ ಕಣ್ಣುಗಳಿಂದ ನೋಡಿದಳು.

ನೆಲ ಚೊಕ್ಕಟವಾಗಿ ಒಣಗಿತ್ತು. ಬೆರಳಿನ ಗೆರೆಗಳು ಬೇಕಾದ ಹಾಗೇ ಇದ್ದವು. ಹೊಸಿಲಿನ ಒಳಮಗ್ಗುಲಲ್ಲಿ, ಒದ್ದೆ ನೆಲದಲ್ಲಿ ಇಂಗಿ ಆಗ ಕಾಣದೆ ಹೋಗಿದ್ದದ್ದು ಈಗ ಒಣಗಿ ಅಚ್ಚ ಬಿಳಿಯಾಗಿ ಎದ್ದಿತ್ತು. ಬೆಳಿಗ್ಗೆ ಮುನಿಶಾಮಮ್ಮ ಅಲ್ಲಿ ಬಿಟ್ಟಿದ್ದ ಎಂಟೆಸಳಿನ ಹೂವಿನ ರಂಗೋಲಿಯನ್ನು ಬೈರಮ್ಮನ ಸಗಣಿಯೇ ಅಳಿಸಿತ್ತು. ಸಾರಿಸಿದ ನೆಲವನ್ನು ಸಾವಿನ ಮನೆಯಂತೆ ಬರಿದಾಗಿ ಬಿಟ್ಟು ಏಳಲು ಯಾವ ಹೆಂಗಸಿನ ಕೈಗೂ ಬರುವುದಿಲ್ಲ. ಮನಸ್ಸು ರಾಗಿ ಗುಡಾಣದಲ್ಲಿದ್ದಾಗ ಆ ಕೈ ಬಾಗಿಲ ಪಕ್ಕದ ಗೂಡಿನಿಂದ ತಾನೇ ಪುಡಿ ತೆಗೆದುಕೊಂಡು, ಮದುವೆಯಾಗಿ ಬರುವಾಗ ಮಾಕಳಿಯ ತವರಿನಿಂದ ತಂದಿದ್ದ ರಂಗೋಲಿಯನ್ನು ಎಳೆದುಬಿಟ್ಟಿತ್ತು: ನಾಲ್ಕೆಳೆಯ ಚೌಕ, ಮೂಲೆಗೊಂದು ಬಾಲ ನಿಮಿರಿದ ಗುಬ್ಬಿ. ಅಟ್ಟೂರಿನಲ್ಲಿ ಗುಬ್ಬಿ ಬಿಡುವ ಮನೆ ಇನ್ನೊಂದಿರಲಿಲ್ಲ. ಆವಲಪ್ಪ ಕುಕ್ಕರುಗಾಲಲ್ಲಿ ಕೂತು, ಗುಬ್ಬಿಯ ಬಾಲದ ಮೇಲೆ ಬೆರಳಾಡಿಸದೆ ಬರೀ ತೋರಿಸಿ, ಹೆಂಡತಿಯ ಕಡೆ ತಲೆಯೆತ್ತಿ ಮೆಲ್ಲಗೆ ಕೇಳಿದ: "ಇದು ನೀನು ದಿನಾ ನಮ್ ಬಾಗ್ಲಲ್ಲಿ ಬಿಡೋದಲ್ವೇನಮ್ಮಿ?"