ಅಂಗೈ ಹೊತ್ತು

ಘಾಳೆಪ್ಪ ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈ ಇಟ್ಟ. ಇಪ್ಪತ್ತು ನಿಮಿಷದಿಂದ ಪೂರ್ತಿ ಶಕ್ತಿಯಲ್ಲಿ ಪ್ರಸಾರ ನಡೆದಿತ್ತು. ಆಂಟೆನಾದ ಬುಡದಲ್ಲಿ ಕೂತಿದ್ದ ಆ ಡಬ್ಬಿ ಮಾತ್ರ ನೀರಿನ ಗಡಿಗೆಯ ಹಾಗೆ ತಣ್ಣಗಿತ್ತು.

“ಏನಂತೀರಿ ಕಾಕಾ?” ಪ್ರಾರ್ಥನಾ ಕೇಳಿದಳು. ನಾಲ್ಕು ವರ್ಷ ಪ್ರಯೋಗಾಲಯದಲ್ಲಿ ಕೂತು ಈ ಡಬ್ಬಿಯ ಹೊಸ ತಿರುಳನ್ನು ಕಂಡುಹಿಡಿದವಳು ಅವಳೇ.

“ಏನನ್ಲಿ ತಂಗಿ! ಹನ್ನೆರಡು ವರ್ಷ ನನ್ನ ಕೈ ಸುಟ್ಟ ಸಾಮಾನಿದು. ಇವತ್ತ ನೋಡು, ಎಷ್ಟು ಶಾಣ್ಯಾ ಆಗ್ಯದ!”

ಬೀದರಿನ ನೆಲದಡಿಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ, ಶತಮಾನಗಳಷ್ಟು ಹಳೆಯ ಸುರಂಗ ಬಾವಿ ಇದೆ. ೨೦೫೮ರ ಆ ಹೊತ್ತಿಗೆ ಊರಿನ ಅರ್ಧ ಮನೆಗಳಿಗೆ ಮತ್ತೆ ಅದರದೇ ನೀರು. ವರ್ಷಕ್ಕೊಮ್ಮೆ ಒಂದು ತಂಡ ಕೆಳಗಿಳಿದು ಹೂಳು ತೆಗೆಯಬೇಕು. ಆ ತಂಡದ ಮುಖ್ಯಸ್ಥೆ ಮಹಾನಂದಾ, ಘಾಳೆಪ್ಪನ ಹೆಂಡತಿ. ಫೋನಿನ ಗಿಡ್ಡ ಅಲೆಗಳು ಅಷ್ಟು ದಪ್ಪ ಕಲ್ಲನ್ನು ದಾಟಲಾರವು. ಕಡಿಮೆ ಕಂಪನಾಂಕದ ರೇಡಿಯೊ ಅಲೆ ಹಾಗಲ್ಲ. ಒಂದೊಂದು ಅಲೆಯೂ ಎರಡು ಕಿಲೋಮೀಟರ್ ಉದ್ದ, ಕಲ್ಲಿದ್ದರೂ ಮಣ್ಣಿದ್ದರೂ ನುಸುಳಿಕೊಂಡು ಹೋಗುತ್ತದೆ. ಹಾಗಾಗಿ ಮೇಲಿನವರಿಗೂ ಕೆಳಗಿನವರಿಗೂ ಮಾತು ಕಟ್ಟಿಕೊಡುವ ಕೆಲಸ ಊರಿನ ಹವ್ಯಾಸಿ ರೇಡಿಯೊ ಸಂಘದ ಪಾಲಿಗೆ ಬಂದಿತ್ತು.

ತೊಂದರೆ ಇದ್ದದ್ದು ಆಂಟೆನಾದಲ್ಲಿ. ಅಷ್ಟುದ್ದದ ಅಲೆಗೆ ನ್ಯಾಯವಾಗಿ ಅರ್ಧ ಕಿಲೋಮೀಟರ್ ಎತ್ತರದ ಕಂಬ ಬೇಕು. ಸಂಘದ ಹತ್ತಿರ ಇದ್ದದ್ದು ಐವತ್ತಡಿಯದು. ದೊಡ್ಡ ಚಪ್ಪಲಿಗೆ ಅರಿವೆ ತುರುಕಿ ಮೆಟ್ಟಿಕೊಳ್ಳುವ ಹಾಗೆ, ಕೊರತೆಯನ್ನೆಲ್ಲ ನಡುವಿನ ಟ್ರಾನ್ಸ್‌ಫಾರ್ಮರ್ ಸರಿದೂಗಿಸಬೇಕು. ಅದರೊಳಗಿನ ಫೆರೈಟ್ ತಿರುಳು, ಅಂದರೆ ಕಬ್ಬಿಣದ ತುಕ್ಕನ್ನು ಬೇಯಿಸಿ ಮಾಡಿದ ಕಪ್ಪು ಬಳೆ, ಆ ಭಾರಕ್ಕೆ ಬಿಸಿಯೇರುತ್ತಿತ್ತು. ತೀರ ಕಾದರೆ ಅಯಸ್ಕಾಂತದ ಗುಣವನ್ನೇ ಕಳೆದುಕೊಂಡು ಕಲ್ಲಾಗಿ ಕೂರುತ್ತಿತ್ತು.

ಅದಕ್ಕೇ ಸಂಘದಲ್ಲೊಂದು ರೂಢಿ ಬೆಳೆದಿತ್ತು. ಮಾತು ನಡೆದಿರುವಾಗ ಘಾಳೆಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟು ಕೂರುವನು. ಐದು ನಿಮಿಷಕ್ಕೆ ಕೈ ಚುರುಗುಟ್ಟುತ್ತಲೇ ಅದನ್ನು ಮೇಲೆತ್ತುವನು. ಎಲ್ಲರ ಬಾಯಿ ಬಂದ್! ಡಬ್ಬಿ ಆರುವ ತನಕದ ಆ ಮೌನಕ್ಕೆ ‘ಅಂಗೈ ಹೊತ್ತು’ ಎಂದು ಹೆಸರು. ಹೇಳುವುದಕ್ಕೂ ಕೇಳುವುದಕ್ಕೂ ಇದ್ದದ್ದು ಒಂದೇ ಆಂಟೆನಾ. ಹಾಗಾಗಿ ಕೆಳಗಿನವರ ದನಿ ಕೇಳುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಮಹಾನಂದಾ ಹೂಳಿನ ಲೆಕ್ಕ, ಗಾಳಿಯ ಸ್ಥಿತಿ ಎಲ್ಲ ಒಪ್ಪಿಸಿ, ಕಡೆಗೆ ತಪ್ಪದೆ ಕೇಳುತ್ತಿದ್ದಳು: “ಏನ್ರೀ, ಎಷ್ಟನೇ ಚಾ ಅದು?” ಘಾಳೆಪ್ಪನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡೇ ಲೋಟ ಎಂದು ಅವಳ ಕಟ್ಟಪ್ಪಣೆ. ಊರಿಗೆ ಊರೇ ಆ ಪ್ರಶ್ನೆ ಕೇಳಿ ನಗುತ್ತಿತ್ತು. ಅವನಿಗೂ ಒಳಗೊಳಗೇ ಹಿಗ್ಗು.

ಪ್ರಾರ್ಥನಾಳ ಹೊಸ ತಿರುಳಿಗೆ ‘ಮಂಜುತಿರುಳು’ ಎಂದು ಹೆಸರು. ಅದು ತನ್ನೊಳಗೆ ಹುಟ್ಟಿದ ಬಿಸಿಯನ್ನು ಕೂಡಿಟ್ಟುಕೊಳ್ಳದೆ, ಕಣ್ಣಿಗೆ ಕಾಣದ ಬೆಳಕಾಗಿ ಮಾಡಿ ಆಗಿಂದಾಗಲೇ ಆಕಾಶಕ್ಕೆ ತೂರಿಬಿಡುತ್ತಿತ್ತು. ಇನ್ನು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು.

ಮಾತಾಡಿದರು ಕೂಡ. ಆ ಬೆಳಿಗ್ಗೆ ಮಹಾನಂದಾಳ ತಂಡ ಕೆಳಗಿಳಿದ ಮೇಲೆ, ಸಂಘದವರು ಹಾಕಿದ್ದ ಡೇರೆಯೊಳಗೆ ಹಬ್ಬವೋ ಹಬ್ಬ. ಸಂಘದ ಅಧ್ಯಕ್ಷರು ಕೆಳಗಿನವರಿಗೆ ಶುಭ ಕೋರಿದರು. ಶಾಲೆಯ ಮಕ್ಕಳು ಮೂರು ಹಾಡು ಹಾಡಿದರು. ಕಲಬುರಗಿಯಿಂದ ಬಂದ ಪ್ರಾಧ್ಯಾಪಕರೊಬ್ಬರು ಫೆರೈಟಿನ ಚರಿತ್ರೆಯನ್ನು ಬುಡದಿಂದ ಶುರುಮಾಡಿದರು. ಮೈಕು ಕೈಯಿಂದ ಕೈಗೆ ದಾಟುತ್ತಲೇ ಇತ್ತು. ಘಾಳೆಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟು, ಅದು ಬಿಸಿಯಾದರೆ ಕೈ ಎತ್ತೋಣ ಎಂದು ಕೂತೇ ಇದ್ದ. ಹನ್ನೆರಡು ವರ್ಷದ ಅಭ್ಯಾಸ ನೋಡಿ! ಎಲ್ಲರೂ ಅವನ ಕೈ ನೋಡುತ್ತಿದ್ದರು, ಅವನು ಬಿಸಿಗೆ ಕಾಯುತ್ತಿದ್ದ, ಬಿಸಿ ಬರಲೇ ಇಲ್ಲ.

ಯಾರೋ ಚಹಾ ತಂದುಕೊಟ್ಟರು. ಕುಡಿದ. ಇನ್ನೊಂದು ಬಂತು, ಅದನ್ನೂ ಮುಗಿಸಿದ. ಮೂರನೆಯ ಲೋಟ ತುಟಿಗೆ ಮುಟ್ಟಿಸಿ, ಕದ್ದು ತಿಂದ ಹುಡುಗನ ಹಾಗೆ ಒಳಗೇ ನಕ್ಕ. ‘ಇವತ್ತ ಕೇಳೋರೇ ಇಲ್ಲ.’

ಹಾಗೆಂದುಕೊಂಡದ್ದೇ ತಡ, ಬೆಳಗಿನಿಂದ ಕೆಳಗಿನವರ ದನಿಯನ್ನು ತಾವು ಒಮ್ಮೆಯೂ ಕೇಳಿಲ್ಲ ಎಂಬುದು ಅವನಿಗೆ ಹೊಳೆಯಿತು. ಲೋಟ ಅಲ್ಲೇ ಬಿಟ್ಟ. ಪ್ರಾಧ್ಯಾಪಕರ ಮಾತು ನಡೆದಿರುವಾಗಲೇ ಎದ್ದು ಹೋಗಿ ಪ್ರಸಾರದ ಸ್ವಿಚ್ಚನ್ನು ಆರಿಸಿಬಿಟ್ಟ.

“ಕಾಕಾ, ಏನ್ ಮಾಡ್ಲಾಕತ್ತೀರಿ?”

“ಸುಮ್ಮಿರ್ರಿ! ಎಲ್ಲಾರೂ ಬಾಯಿ ಮುಚ್ರಿ!”

ಸ್ಪೀಕರಿನಲ್ಲಿ ಮೊದಲು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಅದರಡಿಯಿಂದ, ಗಂಟಲು ಬಿದ್ದ ಹೆಂಗಸಿನ ದನಿ ಬಂತು.

“...ಯಾರರ ಕೇಳ್ರೀ... ಹಿಂದ ಮಣ್ಣ ಕುಸದು ಹಾದಿ ಬಂದ್ ಆಗ್ಯದ... ನೀರು ಎದಿ ತನಕ ಬಂದದ... ಆರನೇ ಗಾಳಿಬಾವಿ ಮುಚ್ಚಳ ತಗೀರಿ...”

ಗಾಳಿಬಾವಿ ಎಂದರೆ ಸುರಂಗಕ್ಕೆ ಗಾಳಿ ಇಳಿಯಲೆಂದು ಮೇಲಿನಿಂದ ನೇರವಾಗಿ ತೋಡಿದ ಕಂಡಿ. ಆರನೆಯದು ಡೇರೆಯಿಂದ ಮುನ್ನೂರು ಹೆಜ್ಜೆ. ಅದರ ಕಬ್ಬಿಣದ ಮುಚ್ಚಳವನ್ನು ಮೇಲಿನಿಂದಷ್ಟೇ ತೆಗೆಯಲು ಬರುತ್ತಿತ್ತು.

“ಮಹಾನಂದಾ! ಕೇಳ್ತದ! ಬರ್ಲಾಕತ್ತೇವಿ!” ಎಂದು ಘಾಳೆಪ್ಪ ಮೈಕಿನಲ್ಲಿ ಕೂಗಿ, ಅದನ್ನು ಅಲ್ಲೇ ಎಸೆದು ಓಡಿದ. ಅರವತ್ತಾರರ ಮುದುಕ ಎಲ್ಲರಿಗಿಂತ ಮುಂದಿದ್ದ. ಹತ್ತು ಜನ ಸೇರಿ ಮುಚ್ಚಳ ಸರಿಸಿದರು. ಹಗ್ಗದ ಏಣಿ ಇಳಿಯಿತು. ಒಬ್ಬೊಬ್ಬರಾಗಿ ಮೂವರು ಮೇಲೆ ಬಂದರು. ಕಡೆಗೆ ಮಹಾನಂದಾ ಬಂದಳು. ಘಾಳೆಪ್ಪನಿಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರೆದುರು ಅವಳ ಒದ್ದೆ ಕೈ ಹಿಡಿದುಕೊಂಡು ಅತ್ತೇಬಿಟ್ಟ.

“ಮುಕ್ಕಾಲು ತಾಸು ಒದರೀನ್ರಿ,” ಎಂದಳು ಅವಳು. “ನೀವು ನೋಡಿದ್ರ ಹಾಡು ಕೇಳಿಸ್ಲಾಕತ್ತೀರಿ.”

ಡೇರೆಗೆ ಬಂದು ಕೂತ ಮೇಲೆ, ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಪ್ರಾರ್ಥನಾ ಮಹಾನಂದಾಳ ಕಣ್ಣಿಗೆ ಬಿದ್ದಳು.

“ನನ್ನಿಂದಲೇ ಆತು ಕಾಕಿ.”

“ಏ ಹುಚ್ಚಿ, ನಿನ್ನ ಡಬ್ಬಿಗಿ ಏನಾಗ್ಯದ? ನಿಮ್ಮ ದನಿ ಕೆಳಗ ಗಂಟಿ ಹೊಡದಂಗ ಕೇಳ್ತಿತ್ತು. ನಮ್ಮದು ಕೇಳ್ಲಾಕ ಮ್ಯಾಲ ಯಾರಿಗಿ ಪುರಸೊತ್ತಿತ್ತು, ಹೇಳು?” ಎಂದು ಅವಳ ತಲೆ ನೇವರಿಸಿದಳು.

ಪ್ರಾರ್ಥನಾ ಮಂಜುತಿರುಳನ್ನು ಬಿಸಾಡಲಿಲ್ಲ. ಡಬ್ಬಿಯ ಮುಚ್ಚಳದಡಿ ಸಣ್ಣದೊಂದು ತಂತಿ ಸೇರಿಸಿದಳು. ಐದು ನಿಮಿಷ ಪ್ರಸಾರವಾಗುತ್ತಲೇ ಅದು ಕಾದು, ಮೇಲಿಟ್ಟ ಅಂಗೈಯನ್ನು ಚುರುಗುಟ್ಟಿಸುತ್ತಿತ್ತು. ಪ್ರಾಧ್ಯಾಪಕರು ನಕ್ಕರು. ಬಿಸಿ ತಪ್ಪಿಸಲು ನಾಲ್ಕು ವರ್ಷ ಒದ್ದಾಡಿದವಳು ಮತ್ತೆ ಬಿಸಿ ಸೇರಿಸುವುದೇ? ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದರೆ ಸಾಲದೇ?

“ಅದನ್ನೂ ಮಾಡಿ ನೋಡಿದೆ ಸರ್. ಅಭ್ಯಾಸದ ವೇಳೆ ಎರಡೇ ದಿನಕ್ಕೆ ಸಂಘದವರು ಗಂಟೆಯನ್ನು ಬಂದ್ ಮಾಡಿ ಮಾತು ಮುಂದುವರಿಸಿದರು,” ಎಂದಳು ಪ್ರಾರ್ಥನಾ.

ಪಕ್ಕದಲ್ಲಿದ್ದ ಘಾಳೆಪ್ಪ ತಲೆಯಾಡಿಸಿದ. “ಕೈ ಚುರುಕಂದ್ರೂ ಬಿಡವ್ರು ಬಿಡೂದಿಲ್ರಿ. ನಮ್ಮ ಹರೇದಾಗ, ಇಪ್ಪತ್ತರ ಇಸ್ವಿ ಆಸುಪಾಸಿನ್ಯಾಗ, ಎಲ್ಲಾರ ಕಿಸೆದಾಗೂ ಒಂದು ಫೋನಿತ್ತು. ಮಾತಾಡಿ ಮಾತಾಡಿ ಕೆನ್ನಿ ಬಿಸಿ ಆಗ್ತಿತ್ತು. ಆದ್ರೂ ಕೆಳಗ ಇಡ್ತಿದ್ದಿಲ್ಲ. ಮಗ್ಗಲದಾಗ ಕುಂತವ್ರು ಏನಂದ್ರು ಅಂತ ಇವತ್ತಿಗೂ ನನಗ ಗೊತ್ತಿಲ್ಲ.”

ಮರುವರ್ಷ ತಂಡ ಮತ್ತೆ ಇಳಿಯಿತು. ಘಾಳೆಪ್ಪ ಡಬ್ಬಿಯ ಮೇಲೆ ಅಂಗೈ ಇಟ್ಟು ಕೂತ. ಐದು ನಿಮಿಷಕ್ಕೆ ಕೈ ಚುರುಗುಟ್ಟಿತು, ಎತ್ತಿದ. ಡೇರೆ ಮೌನವಾಯಿತು. ಸ್ಪೀಕರಿನಲ್ಲಿ ನೀರಿನ ಸದ್ದು, ಗುದ್ದಲಿಯ ಸದ್ದು, ಆಮೇಲೆ ಆ ದನಿ.

“ಏನ್ರೀ, ಎಷ್ಟನೇ ಚಾ ಅದು?”

ಕೈಯಲ್ಲಿದ್ದ ಲೋಟವನ್ನು ಘಾಳೆಪ್ಪ ನೋಡಿದ. ಪ್ರಾರ್ಥನಾ ‘ಎರಡನೇದು ಅನ್ರಿ’ ಎಂದು ಸನ್ನೆ ಮಾಡಿದಳು. ಘಾಳೆಪ್ಪ ಡಬ್ಬಿ ಆರಲೆಂದು ಕಾದು, ಆಮೇಲೆ ಮೈಕು ಎತ್ತಿಕೊಂಡು ಪ್ರಸಾರದ ಸ್ವಿಚ್ಚು ಹಾಕಿದ.

“ಮೂರನೇದು,” ಎಂದು ಸ್ವಿಚ್ಚು ಆರಿಸಿದ.



“ಇವತ್ತೊಂದಿನ ಕುಡೀರಿ,” ಎಂದಳು ಮಹಾನಂದಾ.