ಒಂದೇ ಕುಂಡದ ತೇವ

ಶ್ರೀರಾಮನಗರದ ಕಾಲುವೆಯ ತೂಬಿನಲ್ಲಿ ನನ್ನ ಅಕ್ಕ ಲಲಿತಾಳ ಹೆಣ ಸಿಕ್ಕಿತು. ತಲೆಯ ಹಿಂದೆ ಗಾಯ—ಕಲ್ಲಿಗೆ ಬಡಿದಿರಬೇಕು ಅಂದರು. ಜಗಳವಾಡಿ ಹೋಗಿ ತಾನೇ ಹಾರಿದ್ದಾಳೆ ಎಂದ ಭಾವ ಗುರುಬಸವ. ಓಣಿಯ ಹಿರಿಯ ಗಾದಿಲಿಂಗಪ್ಪ ತಲೆಯಾಡಿಸಿದ. ಉಳಿದವರೂ ಆಡಿಸಿದರು.

ಹಾರುವ ಹೆಣ್ಣೇ ಅವಳು? ನಾನು ಒಪ್ಪಲಿಲ್ಲ. ಸಾಲಿ ಬಿಟ್ಟವನಿಗೆ ಏನು ತಿಳಿಯುತ್ತದೆ ಎಂದು ನನ್ನನ್ನೇ ದಬ್ಬಿದರು.

ಪಿಎಸ್‌ಐ ವಾಣಿಶ್ರೀ ಮೇಡಂ ಮಾತ್ರ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಆ ಮನೆಗೆ ಹೊರಟರು. ಎದುರುಮನೆಯ ಹುಲಗಮ್ಮನನ್ನು ಮೊದಲು ಮಾತಾಡಿಸಿದರು. ಲಲಿತಾ ದಿನಾ ಮಾಳಿಗೆಯ ಕಿಟಕಿಯಿಂದ ಪೂಜೆಗೆ ಒಂದು ಕೆಂಪು ದಾಸವಾಳ ಇಳಿಬಿಡುತ್ತಿದ್ದಳಂತೆ. ಈಗಲೂ ಅಲ್ಲಿ ಕೆಂಪು ಹೂ ಕಾಣುತ್ತದೆ, ಕೇಳಲು ಧೈರ್ಯವಿಲ್ಲ ಎಂದಳು.

ಅಕ್ಕನ ಅತ್ತೆ ಅನ್ನಮ್ಮ ಕೆಳಗೆ ಗೋಡೆಗೊರಗಿ ಕೂತಿದ್ದಳು. ಮೊಣಕಾಲು ನೋವು—ಮೆಟ್ಟಿಲು ಹತ್ತಿ ವರ್ಷಗಳಾಗಿವೆ.

"ಮಧ್ಯಾಹ್ನ ಮ್ಯಾಲ ಹೆಜ್ಜಿ ಸಪ್ಪಳ ಆಗತೈತ್ರಿ. ಆಮ್ಯಾಲ ನೀರು ಸುರಿಯೋದು. ಅಕಿನ ರೀ, ಸತ್ತ ನನ್ನ ಸೊಸಿ. ಗಿಡಕ್ಕ ನೀರು ಹಾಕಾಕ ಬರತಾಳ."



ಗುರುಬಸವ ಮಾಳಿಗೆಯ ಕೋಣೆಯ ಕೀಲಿ ತಂದ. ಅವಳು ಹೋದಾಗಿನಿಂದ ಬೀಗ ತೆಗೆದೇ ಇಲ್ಲ ಎಂದ. ಒಳಗೆ ದಕ್ಷಿಣದ ಕಿಟಕಿಯ ತುಂಬ ಉರಿಬಿಸಿಲು. ಕಟ್ಟೆಯ ಮೇಲೆ ಟೇಬಲ್ ರೋಜ್, ಕಾಗದದ ಹೂ, ನಿತ್ಯಪುಷ್ಪ, ಕೆಂಪು ಬಿಗೋನಿಯಾ. ಅಕ್ಕ ಈಗಷ್ಟೇ ಎದ್ದು ಹೋದಂತೆ ಎಲ್ಲ ಅರಳಿ ನಿಂತಿದ್ದವು.

"ಈ ಬಿಗೋನಿಯಾ ಯಾವಾಗಿಂದ ಇಲ್ಲೈತಿ?"

"ಯುಗಾದಿಯಿಂದ ಇಲ್ಲೇ ಐತ್ರಿ ಮೇಡಂ. ಅಕಿನ ಇಟ್ಟಾಳ."

ಮೇಡಂ ಒಂದೊಂದು ಕುಂಡದ ಮಣ್ಣಿಗೂ ಬೆರಳಿಟ್ಟರು.

"ಸತ್ತಾಕಿ ಬಂದಿದ್ರ ಎಲ್ಲಾದಕ್ಕೂ ನೀರು ಹಾಕ್ತಿದ್ದಳು. ಉಳಿದವು ನೀರಿಲ್ಲದನೂ ತಾಳೋ ಗಿಡ, ಅವುಗಳ ಮಣ್ಣು ಒಣಗಿ ಬಿರುಕು ಬಿಟ್ಟೈತಿ. ಇದೊಂದ ಹಸಿ ಐತಿ. ಯಾಕೋ ಗುರುಬಸವ?"

ಮೇಡಂ ತಾವೇ ಬಿಡಿಸಿ ಹೇಳಿದರು. ಬಿಗೋನಿಯಾ ನೆರಳಿನ ಗಿಡ. ಯುಗಾದಿಯಿಂದ ಈ ಬಿಸಿಲಲ್ಲಿದ್ದರೆ ಎಂದೋ ಕಡ್ಡಿಯಾಗುತ್ತಿತ್ತು; ಇದರ ಎಲೆಯಂಚು ಈಗಷ್ಟೇ ಸುಡತೊಡಗಿದೆ. ಲಲಿತಾ ಇದನ್ನು ಬಚ್ಚಲ ಪಕ್ಕ ನೆರಳಲ್ಲಿ ಬೆಳೆಸಿದ್ದಳು; ಕುಂಡದ ದುಂಡು ಗುರುತು ಅಲ್ಲಿ ಇನ್ನೂ ಇದೆ. ಇಲ್ಲಿದ್ದದ್ದು ದಾಸವಾಳ. ಆ ಕುಂಡ ಒಡೆದದ್ದು ಅವಳ ತಲೆಯ ಮೇಲೆ. ಜಾಗ ಖಾಲಿ ಕಂಡರೆ ಹುಲಗಮ್ಮ ಕೇಳುತ್ತಾಳೆಂದು ಗುರುಬಸವ ಇನ್ನೊಂದು ಕೆಂಪು ಹೂವಿನ ಗಿಡ ತಂದಿಟ್ಟ—ಓಣಿಯಿಂದ ನೋಡಿದರೆ ಕೆಂಪು ಕೆಂಪೇ. ಅದು ಬಾಡತೊಡಗಿದಾಗ ಹಿತ್ತಲ ಮೆಟ್ಟಿಲಿನಿಂದ ಕದ್ದು ಬಂದು ನೀರು ಸುರಿದ.

ತಿಪ್ಪೆ ಕೆದರಿದಾಗ ಕುಂಡದ ಚೂರು ಸಿಕ್ಕವು. ಒಂದಕ್ಕೆ ಉದ್ದನೆಯ ಕೂದಲು ಅಂಟಿತ್ತು.

ಅನ್ನಮ್ಮ ಮಗನನ್ನೇ ದಿಟ್ಟಿಸಿದಳು. "ಅಕಿನ ಬಂದಾಳಂತ ನಾ ದಿನಾ ಕೆಳಗಿಂದ ಅಕಿಗಿ ತಪ್ಪಾತವ್ವಾ ಅಂತಿದ್ದೆ. ನೀ ಮ್ಯಾಲ ನಿಂತು ಕೇಳಸ್ಕೊಂಡಿಯೇನೋ?"

ಅವನನ್ನು ಜೀಪು ಹತ್ತಿಸಿದರು. ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ನಾನು ಗಾದಿಲಿಂಗಪ್ಪನ ಮುಂದೆ ಹೋಗಿ ನಿಂತೆ.

"ಈಗ ಹೇಳ್ರಿ ಕಾಕಾ. ನಮ್ಮಕ್ಕ ತಾನ ಹಾರಿದಳೇನು?"

"ಇಲ್ಲಪ್ಪಾ," ಎಂದ, ನೆಲ ನೋಡುತ್ತ.

"ಜೋರಾಗಿ ಹೇಳ್ರಿ. ಕಾಲುವಿ ತನಕಾ ಕೇಳಬೇಕು."