ಅಜ್ಜನ ಹೆಬ್ಬೆರಳು

ರೇಡಿಯೊ ಕೇಳುತ್ತಾ ಅಜ್ಜ ಹೆಬ್ಬೆರಳಲ್ಲಿ ಉಜ್ಜುತ್ತಿದ್ದ ಬೆಳ್ಳಿ ನಾಣ್ಯ, ಅವರು ತೀರಿಹೋದಮೇಲೆ ಯಾರೂ ಮುಟ್ಟದೆ ಬೀರುವಿನಲ್ಲೇ ಇತ್ತು. ಗುಣಮಟ್ಟ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಮಾಡಿಸೋಣವೆಂದು ಒಯ್ದೆ. ನಾಣ್ಯದಂಗಡಿಯವರು ಭೂತಗನ್ನಡಿ ಹಿಡಿದು ಗೊಣಗಿದರು.

“ಮುಟ್ಟದೆ ಇಟ್ಟ ಬೆಳ್ಳಿ ಕಪ್ಪಾಗ್ಬೇಕು. ಇದನ್ನ ಯಾರೋ ದಿನಾ ಉಜ್ತಿದಾರೆ. ಗ್ರೇಡ್ ಮಾಡಿದ್ರೆ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡ್ಬಿಡ್ತಾರೆ, ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಯೋಚ್ನೆ ಮಾಡಿ.” ಅಲ್ಲಿವರೆಗೆ ಇರಲಿ ಅಂತ ಹೊಸ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು.

ಅದರಲ್ಲಿಟ್ಟು ಬೀರುವಿಗೆ ಬೀಗ ಹಾಕಿ, ಕೀಲಿಕೈ ನಾನೇ ಇಟ್ಟುಕೊಂಡೆ. ಕೆಲವು ವಾರ ಬಿಟ್ಟು ತೆಗೆದರೆ ನಾಣ್ಯ ಮಂಕಾಗಿತ್ತು. ಡಬ್ಬಿಯ ಮುಚ್ಚಳ ಮಾತ್ರ ಹೆಬ್ಬೆರಳಗಲ ಸವೆದಿತ್ತು.

ಅಜ್ಜಿ ನೋಡಿ ನಕ್ಕುಬಿಟ್ಟಳು. “ಪಾಪ ಕಣೇ, ಎಷ್ಟು ಒದ್ದಾಡಿದಾರೆ ನೋಡು! ಸೀಲೂ ಬೇಡ ಗೀಲೂ ಬೇಡ.”

ಡಬ್ಬಿಯಿಂದ ತೆಗೆದು ಅಜ್ಜನ ಕುರ್ಚಿಯ ತೋಳಿನ ಮೇಲಿಟ್ಟೆ. ನಾವಿಬ್ಬರೂ ದೂರ ಕೂತು ವಾರ್ತೆ ಕೇಳಿದೆವು. ವಾರ್ತೆ ಮುಗಿದ ಮೇಲೆ ಹೋಗಿ ಮುಟ್ಟಿದೆ. ನಾಣ್ಯ ಬೆಚ್ಚಗಿತ್ತು.